ಜಾಲದ ಟಪಾಲು ಮನೆಯ ಕಂಪ್ಯೂಟರಿಗೆ

ಹತ್ತನೆಯ ತರಗತಿ ಮುಗಿಸಿ ಬೇರೆ ಕಾಲೇಜಿಗೆ ಸೇರಿದ ಹುಡುಗಿಯೊಬ್ಬಳು ಹಳೆಯ ಶಾಲೆ ಕೊಟ್ಟಿದ್ದ ಇ-ಮೇಲ್ ಖಾತೆಯನ್ನು ತೆರೆಯಲು ಕುಳಿತಿದ್ದಾಳೆ ಎಂದು ಊಹಿಸಿಕೊಳ್ಳಿ. ವಿಜ್ಞಾನ ಮೇಳದ ವರದಿ, ಶಿಕ್ಷಕರು ತಿದ್ದಿ ಕಳಿಸಿದ ಪ್ರಬಂಧ, ಗೆಳತಿಯರೊಂದಿಗೆ ಮಾಡಿದ ಪತ್ರ ವ್ಯವಹಾರ ಎಲ್ಲವೂ ಅದರಲ್ಲಿದೆ. ಆದರೆ ಪರದೆಯ ಮೇಲೆ ಕಾಣುವುದು, ಅಂಥ ಖಾತೆಯೇ ಇಲ್ಲ ಎಂಬ ಒಂದು ಸಾಲು ಮಾತ್ರ. ಶಾಲೆಯ ತಪ್ಪೇನೂ ಇಲ್ಲ; ಓದು ಮುಗಿಸಿ ಹೋದವರ ಖಾತೆಗಳನ್ನು ಮುಚ್ಚುವುದು ಅನೇಕ ಸಂಸ್ಥೆಗಳಲ್ಲಿ ರೂಢಿ. 2020ರಲ್ಲಿ ಕೊರೊನಾ ಕಾರಣದಿಂದ ಪಾಠಗಳು ಮನೆಗೇ ಬಂದಾಗ ಇಂಥ ಖಾತೆಗಳನ್ನು ಪಡೆದ ಮಕ್ಕಳು ಅಸಂಖ್ಯ. ಅವರಲ್ಲಿ ಎಷ್ಟು ಮಂದಿ ಒಳಗಿದ್ದುದನ್ನು ಹೊರತೆಗೆದಿಟ್ಟುಕೊಂಡರು?

ದೊಡ್ಡವರ ಖಾತೆಗಳೂ ಶಾಶ್ವತವಲ್ಲ. ಎರಡು ವರ್ಷ ಬಳಸದೆ ಬಿಟ್ಟ ವೈಯಕ್ತಿಕ ಖಾತೆಯನ್ನು ಅಳಿಸಿಹಾಕುವ ನಿಯಮವನ್ನು ಗೂಗಲ್ 2023ರ ಡಿಸೆಂಬರ್‌ನಿಂದ ಜಾರಿಗೆ ತಂದಿದೆ. ತಾತ ತೀರಿಕೊಂಡ ಮೇಲೆ ಅವರ ಪತ್ರಗಳನ್ನು ಓದಬೇಕೆಂದು ಮೊಮ್ಮಗನಿಗೆ ಮೂರು ವರ್ಷಗಳ ನಂತರ ಅನಿಸಿದರೆ ಹೊತ್ತು ಮೀರಿರುತ್ತದೆ.

ಬೆಂಗಳೂರು ದಂಡು ಪ್ರದೇಶದ ರಿಚರ್ಡ್ಸ್ ಟೌನಿನಂಥ ಬಡಾವಣೆಗೆ ಈ ಮಾತು ಚೆನ್ನಾಗಿ ಅರ್ಥವಾಗುತ್ತದೆ. ಪಾಟರಿ ರಸ್ತೆ, ಕ್ಲಾರೆನ್ಸ್ ಶಾಲೆ, ರಿಚರ್ಡ್ಸ್ ಪಾರ್ಕ್, ಅಲ್ಲೊಂದು ಇಲ್ಲೊಂದು ಉಳಿದಿರುವ ಹಳೆಯ ಬಂಗಲೆ. ಸ್ವಾತಂತ್ರ್ಯಾನಂತರ ಈ ಭಾಗದ ಎಷ್ಟೋ ಆಂಗ್ಲೋ-ಇಂಡಿಯನ್ ಕುಟುಂಬಗಳು ಇಂಗ್ಲೆಂಡ್, ಆಸ್ಟ್ರೇಲಿಯಾ, ಕೆನಡಾಗಳಿಗೆ ವಲಸೆ ಹೋದವು. ಆಮೇಲೆ ಸಾಫ್ಟ್‌ವೇರ್ ನೌಕರಿ ಹಿಡಿದು ಉಳಿದವರ ಮಕ್ಕಳೂ ಹೊರಟರು. ನೀಲಿ ಬಣ್ಣದ ಏರೋಗ್ರಾಂಗಳನ್ನು ಬಿಸ್ಕತ್ತಿನ ಡಬ್ಬಿಯಲ್ಲಿ ಜೋಪಾನ ಮಾಡುತ್ತಿದ್ದ ಕಾಲ ಹೋಗಿ, ಪತ್ರಗಳೆಲ್ಲ ದೂರದ ಯಾವುದೋ ಕಂಪನಿಯ ಯಂತ್ರದಲ್ಲಿ ಉಳಿಯುವ ಕಾಲ ಬಂದಿದೆ. ಆ ಪತ್ರಗಳನ್ನು ಮನೆಯ ಕಂಪ್ಯೂಟರಿಗೆ ತರುವ ವಿಧಾನ ಕಷ್ಟದ್ದಲ್ಲ. ಆದರೆ ಅದರಲ್ಲಿ ಒಂದೆರಡು ಗುಂಡಿಗಳಿವೆ, ನೋಡಿಕೊಂಡು ನಡೆಯಬೇಕು.

ಮ್ಯೂಸಿಯಂ ರಸ್ತೆಯ ಹುಡುಗ

ವೆಬ್‌ಮೇಲ್ ಎಂಬ ಕಲ್ಪನೆಗೂ ಬೆಂಗಳೂರಿನ ದಂಡು ಪ್ರದೇಶಕ್ಕೂ ಒಂದು ನಂಟಿದೆ. ಮ್ಯೂಸಿಯಂ ರಸ್ತೆಯ ಸೇಂಟ್ ಜೋಸೆಫ್ಸ್ ಬಾಲಕರ ಪ್ರೌಢಶಾಲೆಯಲ್ಲಿ ಓದಿದ ಸಬೀರ್ ಭಾಟಿಯಾ, ಪಿಲಾನಿಯ ಬಿಟ್ಸ್‌ನಿಂದ 1988ರಲ್ಲಿ ಅಮೆರಿಕಕ್ಕೆ ಹೋದರು. ಅಲ್ಲಿ ಅವರೂ ಸಹೋದ್ಯೋಗಿ ಜಾಕ್ ಸ್ಮಿತ್ ಅವರೂ ಒಂದೇ ಕಂಪನಿಯಲ್ಲಿದ್ದಾಗ, ಕಂಪನಿಯ ರಕ್ಷಣಾ ಗೋಡೆಯಿಂದಾಗಿ ತಮ್ಮ ಖಾಸಗಿ ಇ-ಮೇಲ್ ನೋಡಲು ಆಗುತ್ತಿರಲಿಲ್ಲ. ವೆಬ್ ಪುಟಗಳಿಗೆ ಮಾತ್ರ ಅಡ್ಡಿ ಇರಲಿಲ್ಲ. ಹಾಗಾದರೆ ಟಪಾಲನ್ನೂ ಒಂದು ವೆಬ್ ಪುಟವನ್ನಾಗಿಯೇ ಮಾಡಿದರೆ? ಹೀಗೆ 1996ರ ಜುಲೈ 4ರಂದು ಹಾಟ್‌ಮೇಲ್ ಆರಂಭವಾಯಿತು. ಮುಂದಿನ ವರ್ಷದ ಕೊನೆಯಲ್ಲಿ ಮೈಕ್ರೋಸಾಫ್ಟ್ ಅದನ್ನು ಕೊಂಡಿತು. ಬೆಲೆ ಸುಮಾರು 40 ಕೋಟಿ ಡಾಲರ್ ಎಂದು ಆಗ ಪತ್ರಿಕೆಗಳಲ್ಲಿ ವರದಿಯಾಗಿತ್ತು.

ಹಾಟ್‌ಮೇಲ್ ಹುಟ್ಟಿದ ಒಂದು ವಾರಕ್ಕೆ, 1996ರ ಜುಲೈ 11ರಂದು, ನಮ್ಮ ಬ್ರಿಗೇಡ್ ರಸ್ತೆಯಲ್ಲಿ ಕೆಫೆ ಕಾಫಿ ಡೇ ತನ್ನ ಮೊದಲ ಮಳಿಗೆಯನ್ನು ಸೈಬರ್ ಕೆಫೆಯಾಗಿ ತೆರೆಯಿತೆಂಬುದು ಒಂದು ಸ್ವಾರಸ್ಯಕರ ಕಾಕತಾಳೀಯ. ಸ್ವಂತ ಕಂಪ್ಯೂಟರ್ ಇಲ್ಲದವರೂ ಗಂಟೆಯ ಲೆಕ್ಕದಲ್ಲಿ ಹಣ ಕೊಟ್ಟು ಪತ್ರ ಓದಬಹುದಾಯಿತು. ವೆಬ್‌ಮೇಲ್‌ನ ಗುಣ ಅದೇ: ಯಾವ ಊರಿನ ಯಾವ ಯಂತ್ರದ ಮುಂದೆ ಕುಳಿತರೂ ನಿಮ್ಮ ಪತ್ರ ನಿಮಗೆ ಸಿಗುತ್ತದೆ. ಅದರ ಕೊರತೆಯೂ ಅದರಲ್ಲೇ ಇದೆ. ಪತ್ರ ಇರುವುದು ಪರರ ಮನೆಯಲ್ಲಿ.

ಪೆಟ್ಟಿಗೆ, ಕನ್ನಡಿ ಮತ್ತು ಡಬ್ಬ

ಪತ್ರವನ್ನು ತರುವ ಎರಡು ವಿಧಾನಗಳ ವ್ಯತ್ಯಾಸ ತಿಳಿದರೆ ಅರ್ಧ ಕೆಲಸ ಮುಗಿದಂತೆ. ಮೊದಲನೆಯದು ‘ಪಾಪ್’. ವಿಸ್ತರಿಸಿದರೆ ‘ಪೋಸ್ಟ್ ಆಫೀಸ್ ಪ್ರೋಟೋಕಾಲ್’, ಅಂದರೆ ಅಂಚೆ ಕಚೇರಿಯ ನಿಯಮಾವಳಿ. 1984ರಲ್ಲಿ ರೂಪುಗೊಂಡ ಇದರ ಹೆಸರೇ ಅದರ ಕೆಲಸವನ್ನು ಹೇಳುತ್ತದೆ. ಅಂಚೆ ಕಚೇರಿಯಲ್ಲಿ ಬಾಡಿಗೆಗೆ ಹಿಡಿದ ಪೆಟ್ಟಿಗೆಯನ್ನು ಬೀಗದಕೈ ಹಾಕಿ ತೆರೆದು, ಇದ್ದ ಪತ್ರಗಳನ್ನೆಲ್ಲ ಚೀಲಕ್ಕೆ ಹಾಕಿಕೊಂಡು ಮನೆಗೆ ಬರುವುದು. ಪೆಟ್ಟಿಗೆ ಖಾಲಿ!

ಎರಡನೆಯದು ‘ಐಮ್ಯಾಪ್’. 1986ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಮಾರ್ಕ್ ಕ್ರಿಸ್ಪಿನ್ ರೂಪಿಸಿದ್ದು. ಇಲ್ಲಿ ಪತ್ರಗಳು ಅಂಚೆ ಕಚೇರಿಯಲ್ಲೇ ಇರುತ್ತವೆ; ಮನೆಯ ಕಂಪ್ಯೂಟರು ಅದಕ್ಕೆ ಹಿಡಿದ ಕನ್ನಡಿ. ಮೊಬೈಲಿನಲ್ಲಿ ಓದಿದ ಪತ್ರ ಕಂಪ್ಯೂಟರಿನಲ್ಲೂ ಓದಿದಂತೆ ಕಾಣುತ್ತದೆ. ಒಂದು ಕಡೆ ಅಳಿಸಿದರೆ ಎಲ್ಲ ಕಡೆಯೂ ಅಳಿಯುತ್ತದೆ.

ಪತ್ರ ಕಳಿಸುವುದಕ್ಕೆ ಇನ್ನೊಂದು, ‘ಎಸ್‌ಎಂಟಿಪಿ’. ರಸ್ತೆ ಮೂಲೆಯ ಕೆಂಪು ಅಂಚೆ ಡಬ್ಬ ಇದ್ದಂತೆ. ಜಾನ್ ಪೋಸ್ಟೆಲ್ 1982ರಲ್ಲಿ ಇದರ ನಿಯಮ ಬರೆದಾಗ ಡಬ್ಬಕ್ಕೆ ಪತ್ರ ಹಾಕುವವರು ಯಾರೆಂದು ಕೇಳುವ ಏರ್ಪಾಡೇ ಇರಲಿಲ್ಲ. ಬಳಸುತ್ತಿದ್ದವರು ಕೆಲವೇ ವಿಜ್ಞಾನಿಗಳು, ಪರಸ್ಪರ ಬಲ್ಲವರು. ಬೇಡದ ಜಾಹೀರಾತು ಪತ್ರಗಳ ಹಾವಳಿಗೆ ಆ ಸಜ್ಜನಿಕೆಯೂ ಒಂದು ಕಾರಣವೆನ್ನಬೇಕು. ಈಗ ಕಳಿಸುವವರೂ ತಮ್ಮ ಗುರುತು ತೋರಿಸಬೇಕು.

ಜೋಡಿಸುವ ಬಗೆ

ಕಂಪ್ಯೂಟರಿನಲ್ಲಿ ಇ-ಮೇಲ್ ಓದುವ ತಂತ್ರಾಂಶಗಳು ಹಲವಾರು. ಒಂದು ಕಾಲಕ್ಕೆ ಮನೆಮಾತಾಗಿದ್ದ ಯೂಡೋರಾ, ಔಟ್‌ಲುಕ್ ಎಕ್ಸ್‌ಪ್ರೆಸ್ ಈಗ ಇತಿಹಾಸ. 2004ರಲ್ಲಿ ಮೊದಲ ಪೂರ್ಣ ಆವೃತ್ತಿ ಕಂಡ ‘ಥಂಡರ್‌ಬರ್ಡ್’ ಉಚಿತ. ವಿಂಡೋಸ್, ಲಿನಕ್ಸ್, ಮ್ಯಾಕ್ ಮೂರರಲ್ಲೂ ನಡೆಯುತ್ತದೆ. ಮನೆಬಳಕೆಗೆ ಅದು ಧಾರಾಳವಾಗಿ ಸಾಕು.

ಥಂಡರ್‌ಬರ್ಡ್ ಮೊದಲ ಸಲ ತೆರೆದಾಗ ಹೆಸರನ್ನೂ ಇ-ಮೇಲ್ ವಿಳಾಸವನ್ನೂ ಕೇಳುತ್ತದೆ. ವಿಳಾಸದಲ್ಲಿ ‘@’ ಚಿಹ್ನೆಯ ಬಲಕ್ಕಿರುವ ಭಾಗವನ್ನು ನೋಡಿ, ಅದು ಯಾವ ಕಂಪನಿಯ ಅಂಚೆ ಕಚೇರಿ ಎಂದು ತಾನೇ ಪತ್ತೆಹಚ್ಚುತ್ತದೆ. ಲಕೋಟೆಯ ಮೇಲಿನ 560005 ನೋಡಿ ಅಂಚೆಯವರು ಫ್ರೇಜರ್ ಟೌನ್ ಎಂದು ತಿಳಿಯುವ ಹಾಗೆ! ಪತ್ತೆಯಾಗದಿದ್ದರೆ ನೀವೇ ತುಂಬಬೇಕು. ಜಿಮೇಲ್ ಆದರೆ ಪತ್ರ ಬರುವ ಯಂತ್ರದ ಹೆಸರು ಐಮ್ಯಾಪ್ ಡಾಟ್ ಜಿಮೇಲ್ ಡಾಟ್ ಕಾಮ್, ದ್ವಾರ ಸಂಖ್ಯೆ 993. ಕಳಿಸುವ ಯಂತ್ರ ಎಸ್‌ಎಂಟಿಪಿ ಡಾಟ್ ಜಿಮೇಲ್ ಡಾಟ್ ಕಾಮ್, ದ್ವಾರ 465 ಅಥವಾ 587. ಯಂತ್ರದ ಹೆಸರುಗಳನ್ನೆಲ್ಲ ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲಿ, ನಡುವೆ ಜಾಗ ಬಿಡದೆ ಬರೆಯಬೇಕು.

ಬಹಳ ಮಂದಿ ಎಡವುವುದು ಗುಪ್ತಪದದ ಬಳಿ. ಗುಪ್ತಪದ ಸರಿಯಾಗಿಯೇ ಇದ್ದರೂ ತಂತ್ರಾಂಶ ‘ತಪ್ಪು’ ಎನ್ನುತ್ತದೆ. ಕಾರಣವಿಷ್ಟೆ: ಬರಿಯ ಗುಪ್ತಪದ ಕೊಟ್ಟು ಬೇರೆ ತಂತ್ರಾಂಶದಿಂದ ಒಳಬರುವ ಬಾಗಿಲನ್ನು ಗೂಗಲ್ ವೈಯಕ್ತಿಕ ಖಾತೆಗಳಿಗೆ 2022ರ ಮೇ 30ರಿಂದ ಮುಚ್ಚತೊಡಗಿತು, ಮೈಕ್ರೋಸಾಫ್ಟ್ 2024ರ ಸೆಪ್ಟೆಂಬರಿನಲ್ಲಿ ಹಾಗೆಯೇ ಮಾಡಿತು. ಈಗ ಥಂಡರ್‌ಬರ್ಡ್ ಗೂಗಲ್‌ನದೇ ಒಂದು ಕಿಟಕಿಯನ್ನು ತೆರೆಯುತ್ತದೆ. ಅದರಲ್ಲಿ ಲಾಗಿನ್ ಆಗಿ ಒಪ್ಪಿಗೆ ಕೊಟ್ಟರೆ, ಗೂಗಲ್ ತಂತ್ರಾಂಶದ ಕೈಗೆ ಒಂದು ಟೋಕನ್ ಕೊಡುತ್ತದೆ. ನಿಮ್ಮ ಗುಪ್ತಪದ ತಂತ್ರಾಂಶಕ್ಕೆ ತಿಳಿಯುವುದೇ ಇಲ್ಲ. ಈ ಸೌಲಭ್ಯವಿಲ್ಲದ ಹಳೆಯ ತಂತ್ರಾಂಶವಾದರೆ, ಜಿಮೇಲ್ ಖಾತೆಯಲ್ಲಿ ಎರಡು ಹಂತದ ಪರಿಶೀಲನೆಯನ್ನು ಚಾಲೂ ಮಾಡಿ, 16 ಅಕ್ಷರಗಳ ‘ಆ್ಯಪ್ ಪಾಸ್‌ವರ್ಡ್’ ಪಡೆದು ಅದನ್ನೇ ಹಾಕಬೇಕು. ಶಾಲೆಯ ಖಾತೆಗಳಲ್ಲಿ ಇದಾವುದಕ್ಕೂ ಅನುಮತಿ ಇಲ್ಲದಿರಬಹುದು. ಆಗ ಶಾಲೆಯನ್ನೇ ಕೇಳಬೇಕು. ವರ್ಷಾಂತ್ಯಕ್ಕೆ ಮೊದಲೇ ಕೇಳಬೇಕು.

ಎರಡು ಗುಂಡಿಗಳು

‘ಪಾಪ್’ ಆರಿಸಿಕೊಂಡವರು ಖಾತೆಯ ಸೆಟ್ಟಿಂಗ್‌ನಲ್ಲಿ ‘ಲೀವ್ ಮೆಸೇಜಸ್ ಆನ್ ಸರ್ವರ್’ ಎಂಬ ಚೌಕಕ್ಕೆ ಗುರುತು ಬಿದ್ದಿದೆಯೇ ಎಂದು ಪತ್ರ ಇಳಿಸುವ ಮೊದಲೇ ನೋಡಬೇಕು. ಅದರ ಕೆಳಗೆ, ಎಷ್ಟು ದಿನ ಬಿಡಬೇಕೆಂಬ ಇನ್ನೊಂದು ಚೌಕವಿದೆ. ಅದನ್ನೂ ಗಮನಿಸಬೇಕು. ಇಲ್ಲವಾದರೆ ಅಪ್ಪ ಮನೆಯ ಕಂಪ್ಯೂಟರಿಗೆ ಇಳಿಸಿಕೊಂಡ ಪತ್ರ, ಹಾಸ್ಟೆಲಿನಲ್ಲಿರುವ ಮಗನಿಗೆ ಅದೇ ಖಾತೆ ತೆರೆದಾಗ ಕಾಣದೆ ಹೋಗಬಹುದು. ಅದು ಪ್ರವೇಶ ಪತ್ರವಾಗಿದ್ದರೆ ಆ ಗಾಬರಿಯನ್ನು ಹೇಳತೀರದು.

‘ಐಮ್ಯಾಪ್’ ಗುಂಡಿ ಇನ್ನೂ ಆಳದ್ದು. ಪತ್ರಗಳೆಲ್ಲ ಕಂಪ್ಯೂಟರಿನಲ್ಲಿ ಕಾಣುತ್ತಿವೆ, ಇಂಟರ್‌ನೆಟ್ ಇಲ್ಲದಿದ್ದರೂ ತೆರೆಯುತ್ತಿವೆ. ಹಾಗಾಗಿ ಭದ್ರವಾಗಿವೆ ಎಂದು ಭಾವಿಸುವುದು ಸಹಜ. ಆದರೆ ಕನ್ನಡಿಯ ಮುಂದಿರುವ ವಸ್ತುವನ್ನು ತೆಗೆದರೆ ಪ್ರತಿಬಿಂಬ ಉಳಿದೀತೆ? ಆ ಕಡೆ ಪತ್ರ ಅಳಿದರೆ, ಮುಂದಿನ ಸಂಪರ್ಕದಲ್ಲಿ ಈ ಕಡೆಯೂ ಅಳಿಯುತ್ತದೆ. ಉಳಿಸಿಕೊಳ್ಳಬೇಕಾದ ಪತ್ರಗಳನ್ನು ಎಡಭಾಗದ ಪಟ್ಟಿಯಲ್ಲಿರುವ ‘ಲೋಕಲ್ ಫೋಲ್ಡರ್ಸ್’ ಎಂಬಲ್ಲಿ ಹೊಸ ಕಡತ ಮಾಡಿ ಅದಕ್ಕೆ ನಕಲಿಸಬೇಕು. ‘ಮೂವ್’ ಅಲ್ಲ, ‘ಕಾಪಿ’. ಹೀಗೆ ನಕಲಾದ ಪತ್ರ ಮಾತ್ರ ನಿಜಕ್ಕೂ ನಿಮ್ಮ ಮನೆಯಲ್ಲಿದೆ. ನಕಲಾದ ಮೇಲೆ ಇಂಟರ್‌ನೆಟ್ ಸಂಪರ್ಕ ಕಿತ್ತು, ನಾಲ್ಕಾರು ಪತ್ರಗಳನ್ನು ಅವುಗಳ ಲಗತ್ತುಗಳ ಸಮೇತ ತೆರೆದು ನೋಡುವುದು ಒಳ್ಳೆಯದು. ಪ್ರಯೋಗ ಮಾಡದೆ ಫಲಿತಾಂಶ ಬರೆಯಬಾರದಲ್ಲವೆ!

ಜಿಮೇಲ್, ಗೂಗಲ್ ಡ್ರೈವ್, ಫೋಟೋಗಳು ಮೂರಕ್ಕೂ ಸೇರಿ ಉಚಿತವಾಗಿ ಸಿಗುವುದು 15 ಜಿಬಿ. ಅದು ತುಂಬಿದರೆ ಹೊಸ ಪತ್ರ ಬರುವುದೇ ನಿಲ್ಲುತ್ತದೆ. ತುಂಬಿಸುವವರು ಯಾರು? ಒಂದು ಲೆಕ್ಕ ನೋಡಿ. ‘ಕನ್ನಡ’ ಎಂಬ ಪದದಲ್ಲಿ ಕಂಪ್ಯೂಟರು ಎಣಿಸುವುದು ಐದು ಸಂಕೇತ: ಕ, ನ, ವಿರಾಮ, ಇನ್ನೊಂದು ನ, ಡ. ಯೂನಿಕೋಡಿನ ಯುಟಿಎಫ್-8 ಪದ್ಧತಿಯಲ್ಲಿ ಒಂದೊಂದಕ್ಕೂ 3 ಬೈಟ್, ಒಟ್ಟು 15. ಇ-ಮೇಲ್ ಮೂಲತಃ ಇಂಗ್ಲಿಷ್ ಅಕ್ಷರಗಳಿಗಾಗಿ ಹುಟ್ಟಿದ್ದರಿಂದ, ಪಯಣಕ್ಕೆ ಮುನ್ನ ಪ್ರತಿ 3 ಬೈಟನ್ನೂ 4 ರೋಮನ್ ಅಕ್ಷರಗಳಾಗಿ ಬದಲಿಸುವುದು ವಾಡಿಕೆ, ಅಲ್ಲಿಗೆ 20. ಈ ಲೆಕ್ಕದಲ್ಲಿ ಸಾವಿರ ಸಂಕೇತಗಳ ಒಂದು ಕನ್ನಡ ಪತ್ರಕ್ಕೆ ಸುಮಾರು 4 ಸಾವಿರ ಬೈಟ್. ಮೊಬೈಲಿನಲ್ಲಿ ತೆಗೆದ 4 ಎಂಬಿಯ ಒಂದು ಫೋಟೋ, ಅಂಥ ಒಂದು ಸಾವಿರ ಪತ್ರಗಳಿಗೆ ಸಮ! ಆದ್ದರಿಂದ ಜಾಗ ತೆರವು ಮಾಡಲು ಅಮ್ಮನ ಪತ್ರಗಳನ್ನು ಅಳಿಸಬೇಕಿಲ್ಲ. ದೊಡ್ಡ ಲಗತ್ತುಗಳನ್ನು ನಕಲಿಸಿಟ್ಟುಕೊಂಡು ಅವನ್ನಷ್ಟೇ ಅಳಿಸಿದರೆ ಸಾಕು.

ಹಳೆಯ ಪತ್ರಗಳನ್ನು ಇಳಿಸುವಾಗ ಕೆಲವು ಕನ್ನಡ ಪತ್ರಗಳು ಚುಕ್ಕಿ, ಟೋಪಿ ಹೊತ್ತ ಇಂಗ್ಲಿಷ್ ಅಕ್ಷರಗಳ ಸಂತೆಯಾಗಿ ಕಾಣಬಹುದು. ಕೆಟ್ಟುಹೋಗಿವೆ ಎಂದು ಎಸೆಯಬೇಡಿ. ಯೂನಿಕೋಡ್ ಬಳಕೆಗೆ ಬರುವ ಮುನ್ನ ನುಡಿ, ಬರಹ ಮುಂತಾದ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಬರೆದ ಪತ್ರಗಳವು. ಆ ಅಕ್ಷರಗಳನ್ನು ಯೂನಿಕೋಡಿಗೆ ಬದಲಿಸುವ ಪರಿವರ್ತಕಗಳು ಉಚಿತವಾಗಿ ದೊರೆಯುತ್ತವೆ. ಪಠ್ಯವನ್ನು ನಕಲು ಮಾಡಿ ಅದಕ್ಕೆ ಹಾಕಿದರೆ ಇಪ್ಪತ್ತು ವರ್ಷಗಳ ಹಿಂದಿನ ಕನ್ನಡ ಮತ್ತೆ ಓದಲು ಬರುತ್ತದೆ. ಮೂಲವನ್ನೂ ಹಾಗೆಯೇ ಇಟ್ಟುಕೊಳ್ಳಿ, ಪರಿವರ್ತಕಗಳು ಒತ್ತಕ್ಷರಗಳಲ್ಲಿ ಆಗಾಗ ತಪ್ಪುತ್ತವೆ.

ಮನೆಮಂದಿಯೆಲ್ಲ ಬಳಸುವ ಕಂಪ್ಯೂಟರಾದರೆ ವಿಂಡೋಸ್‌ನಲ್ಲಿ ಪ್ರತಿಯೊಬ್ಬರಿಗೂ ಬೇರೆ ಬೇರೆ ಬಳಕೆದಾರ ಖಾತೆ ಇರಲಿ. ಇಲ್ಲದಿದ್ದರೆ ಥಂಡರ್‌ಬರ್ಡ್ ತೆರೆದವರಿಗೆಲ್ಲ ಪತ್ರಗಳು ಕಾಣುತ್ತವೆ. ಹದಿನಾರರ ಮಗಳ ಪತ್ರಗಳಿಗೂ ಅಪ್ಪನ ಬ್ಯಾಂಕಿನ ಪತ್ರಗಳಿಗೂ ಮರೆ ಬೇಕು.

ಕೊನೆಯ ಕೆಲಸ ಒಂದಿದೆ. ಹಾರ್ಡ್ ಡಿಸ್ಕ್ ಕೂಡ ಒಂದು ದಿನ ಕೈಕೊಡುತ್ತದೆ. ಥಂಡರ್‌ಬರ್ಡ್‌ನ ‘ಹೆಲ್ಪ್’ ಪಟ್ಟಿಯಲ್ಲಿ ‘ಟ್ರಬಲ್‌ಶೂಟಿಂಗ್ ಇನ್ಫರ್ಮೇಷನ್’ ಒತ್ತಿದರೆ ‘ಪ್ರೊಫೈಲ್ ಫೋಲ್ಡರ್’ ಎಲ್ಲಿದೆಯೆಂದು ತಿಳಿಯುತ್ತದೆ. ತಂತ್ರಾಂಶವನ್ನು ಮುಚ್ಚಿ, ಆ ಫೋಲ್ಡರನ್ನು ಪೂರ್ತಿಯಾಗಿ ಒಂದು ಪೆನ್‌ಡ್ರೈವಿಗೆ ನಕಲಿಸಬೇಕು. ದಸರಾ ರಜೆಯಲ್ಲೊಮ್ಮೆ, ಬೇಸಿಗೆ ರಜೆಯಲ್ಲೊಮ್ಮೆ ಮಾಡಿದರೆ ಸಾಕು. ಪೆನ್‌ಡ್ರೈವಿಗೆ ತಾರೀಖು ಬರೆದ ಚೀಟಿ ಅಂಟಿಸಿ, ಹಳೆಯ ಏರೋಗ್ರಾಂಗಳಿರುವ ಬಿಸ್ಕತ್ತಿನ ಡಬ್ಬಿಯಲ್ಲೇ ಇಡಬಹುದು.