ಕೂದಲಿನ ಪರೀಕ್ಷೆಯಿಂದ ತಿಳಿಯುವುದೇನು?

ಗಂಡನು ಗಾಂಜಾ, ಅಫೀಮುಗಳಿಗೆ ಬಲಿಯಾಗಿರುವನೆಂಬ ಸಂಶಯದಿಂದ ಗೃಹಿಣಿಯೊಬ್ಬರು ಬಾಚಣಿಗೆಯಲ್ಲಿ ಸಿಕ್ಕ ಕೂದಲನ್ನು ಕಾಗದದಲ್ಲಿ ಕಟ್ಟಿ ನನ್ನ ಬಳಿಗೆ ತಂದಿದ್ದರು. ಅವರ ಸಂಕಟ ನಿಜವಾದುದು. ಕೂದಲು ಮಾತ್ರ ಪ್ರಯೋಜನಕ್ಕೆ ಬಾರದು. ಏಕೆಂಬುದನ್ನು ಪತಿಪತ್ನಿಯರಾದ ನೀವಿಬ್ಬರೂ ತಿಳಿದಿರಬೇಕು.

ದೇಹವನ್ನು ಸೇರಿದ ಮಾದಕ ವಸ್ತುವಿನ ಅಂಶವು ರಕ್ತದ ಮೂಲಕ ಕೂದಲಿನ ಬುಡವನ್ನು ತಲುಪಿ, ಬೆಳೆಯುತ್ತಿರುವ ಕೂದಲಿನೊಳಗೆ ಸೇರಿಕೊಳ್ಳುತ್ತದೆ. ತಲೆಗೂದಲು ತಿಂಗಳಿಗೆ ಸುಮಾರು 1 ಸೆಂಟಿಮೀಟರ್ ಬೆಳೆಯುತ್ತದೆ. ಆದುದರಿಂದ ತಲೆಯ ಹಿಂಭಾಗದಲ್ಲಿ ಚರ್ಮಕ್ಕೆ ತಾಗಿದಂತೆ ಕತ್ತರಿಸಿದ ಸುಮಾರು 3 ಸೆಂಟಿಮೀಟರ್ ಕೂದಲು ಕಳೆದ ಮೂರು ತಿಂಗಳ ಸಂಗತಿಯನ್ನು ತಿಳಿಸಬಲ್ಲದು. ಉದುರಿದ ಕೂದಲಿನಲ್ಲಾದರೋ ಬುಡ ಯಾವುದು, ತುದಿ ಯಾವುದು ಎಂಬ ಕ್ರಮವೇ ಉಳಿದಿರುವುದಿಲ್ಲ. ಮೇಲಾಗಿ, ನಮ್ಮ ಮನೆಗಳಲ್ಲಿ ಬಾಚಣಿಗೆ ಎಲ್ಲರಿಗೂ ಒಂದೇ!

ಹೊರಗಿನಿಂದ ಅಂಟಿದ ಹೊಗೆ, ಧೂಳು ಹೋಗಲೆಂದು ಪ್ರಯೋಗಶಾಲೆಯಲ್ಲಿ ಕೂದಲನ್ನು ಮೊದಲು ತೊಳೆಯುತ್ತಾರೆ. ಬಳಿಕ ದ್ರಾವಕದಲ್ಲಿ ನೆನೆಸಿ, ಒಳಗಿನ ಅಂಶವನ್ನು ಹೊರತೆಗೆದು ಪರೀಕ್ಷಿಸುತ್ತಾರೆ. ಮೊದಲ ಪರೀಕ್ಷೆಯಲ್ಲಿ ಮಾದಕ ವಸ್ತು ಕಂಡುಬಂದರೂ ಹೆಚ್ಚು ಸೂಕ್ಷ್ಮವಾದ ಎರಡನೆಯ ಪರೀಕ್ಷೆಯಿಂದ ಅದನ್ನು ದೃಢಪಡಿಸಿಕೊಳ್ಳಬೇಕು. ನಿನ್ನೆ ಸೇದಿದುದು ಇದರಲ್ಲಿ ಕಾಣದು. ಆ ಭಾಗದ ಕೂದಲು ಚರ್ಮದಿಂದ ಮೇಲೆ ಬರಲು ಸುಮಾರು ಒಂದು ವಾರ ಬೇಕು. ಒಂದೇ ಸಲದ ಸೇವನೆ ಪತ್ತೆಯಾಗದೆಯೂ ಹೋಗಬಹುದು. ಇಂದಿನ ಸ್ಥಿತಿಯನ್ನು ತಿಳಿಯಲು ಮೂತ್ರಪರೀಕ್ಷೆಯೇ ಮೇಲು.

ಚಿಕಿತ್ಸೆ ಆರಂಭಿಸಲು ಕೂದಲಿನ ಸಾಕ್ಷಿ ಬೇಕಿಲ್ಲ. ಆ ಗೃಹಿಣಿಗೆ ಪೊಟ್ಟಣವನ್ನು ಹಿಂದಿರುಗಿಸಿ, ಗಂಡನನ್ನೇ ಕರೆತರುವಂತೆ ಹೇಳಿದೆನು. ಮುಂದಿನ ಸಂತೆಯ ದಿನ ಇಬ್ಬರೂ ಬಂದರು. ವ್ಯಸನಮುಕ್ತಿಯ ಸಲಹೆಗಾಗಿ ನೀವು 14446 ಸಂಖ್ಯೆಗೆ ಶುಲ್ಕವಿಲ್ಲದೆ ದೂರವಾಣಿ ಮಾಡಬಹುದು.