ರಾಕೆಟ್ ಏರಿದ ಮೇಲೆ ಬೇಕಾಗುವ ಕೈಗಳು

ಪೀಣ್ಯದ ಕೈಗಾರಿಕಾ ಪ್ರದೇಶದ ಶೆಡ್‌ಗಳಲ್ಲಿ ‘ಆರ್ಯಭಟ’ ಕಟ್ಟಲು ಕುಳಿತ ಹುಡುಗರಲ್ಲಿ ಹೆಚ್ಚಿನವರು ಅದುವರೆಗೆ ಉಪಗ್ರಹವನ್ನು ಕಣ್ಣಿಂದ ನೋಡಿದವರೂ ಅಲ್ಲ. ಅವರ ಮುಂದಾಳು, ಉಡುಪಿಯ ಅದಮಾರಿನ ಯು.ಆರ್. ರಾವ್ ಅವರಿಗೆ ಅಮೆರಿಕದ ಪಯೋನಿಯರ್ ನೌಕೆಗಳ ಪ್ರಯೋಗಗಳಲ್ಲಿ ದುಡಿದ ಅನುಭವವಿತ್ತು. 1975ರ ಏಪ್ರಿಲ್ 19ರಂದು ಸೋವಿಯತ್ ನೆಲದ ಕಪುಸ್ತಿನ್ ಯಾರ್‌ನಿಂದ 360 ಕಿಲೊ ತೂಕದ ಉಪಗ್ರಹ ಏರಿತು. ಕೆಲವೇ ದಿನಗಳಲ್ಲಿ ವಿದ್ಯುತ್ ಪೂರೈಕೆ ಕೈಕೊಟ್ಟು ವೈಜ್ಞಾನಿಕ ಪ್ರಯೋಗಗಳು ನಿಂತವು. ಕಟ್ಟಿದವರು ಮಾತ್ರ ನಿಲ್ಲಲಿಲ್ಲ. ಭಾಸ್ಕರ, ಆ್ಯಪಲ್, 1988ರ ಐಆರ್‌ಎಸ್-1ಎ, ಎಲ್ಲವೂ ಅಲ್ಲಿ ಪಳಗಿದ ಕೈಗಳ ಫಲ.

ಈ ಪಳಗುವಿಕೆಯನ್ನು ಕಾಗದದಲ್ಲಿ ಬರೆದು ಕೊಡಲಾಗದು. ಸಣ್ಣ ಉಪಗ್ರಹಗಳ ರಾಕೆಟ್ ಎಸ್‌ಎಸ್‌ಎಲ್‌ವಿಯ ತಂತ್ರಜ್ಞಾನವನ್ನು 2025ರಲ್ಲಿ ಎಚ್‌ಎಎಲ್ 511 ಕೋಟಿ ರೂಪಾಯಿ ಬಿಡ್‌ನಿಂದ ಗೆದ್ದುಕೊಂಡಿತು. ನಕ್ಷೆ, ಕಡತ ಒಯ್ದರೆ ಮುಗಿಯುವ ವ್ಯವಹಾರವಲ್ಲ ಅದು. 24 ತಿಂಗಳ ಒಳಗೆ ಎರಡು ಉಡಾವಣೆ ಮಾಡಿಸಿ, ಜೊತೆಗೆ ನಿಂತು ಎಚ್‌ಎಎಲ್ ಸಿಬ್ಬಂದಿಗೆ ಇಸ್ರೊ ಕಲಿಸಬೇಕು. ಷರತ್ತು ಬರೆದವರಿಗೆ ಕೆಲಸ ಗೊತ್ತಿದೆ.

ನನ್ನ ತಕರಾರು ಬೇರೆ. ಬಾಹ್ಯಾಕಾಶ ಉದ್ಯೋಗವೆಂದರೆ ನಮಗೆ ರಾಕೆಟ್ಟೇ ನೆನಪಾಗುತ್ತದೆ. ಮೇಲಿಂದ ಬಂದ ಚಿತ್ರವನ್ನು ನೆಲದ ಮೇಲೆ ಓದುವವರು ಯಾರೆಂದು ಕೇಳುವವರು ಕಡಿಮೆ.

ಈ ಓದಿಗೂ ನಮ್ಮಲ್ಲಿ ಹಳೆಯ ಪಾಠವಿದೆ. 1970ರ ಸುಮಾರಿಗೆ ವಿಜ್ಞಾನಿ ಪಿ.ಆರ್. ಪಿಶಾರಟಿ ಅವರ ತಂಡ ಕೇರಳದ ತೆಂಗಿನ ತೋಟಗಳ ಮೇಲೆ ಹೆಲಿಕಾಪ್ಟರ್‌ನಲ್ಲಿ ಹಾರಿ ಇನ್‌ಫ್ರಾರೆಡ್ ಫಿಲ್ಮ್‌ನಲ್ಲಿ ಚಿತ್ರ ತೆಗೆಯಿತು. ಬೇರು ಸೊರಗು ರೋಗ ಹಿಡಿದ ಮರಗಳನ್ನು ಗುರುತಿಸಬಹುದೇ ಎಂಬುದು ಪ್ರಶ್ನೆ. ಫಿಲ್ಮ್‌ನಲ್ಲಿ ಬಣ್ಣದ ಛಾಯೆ ಬೇರೆಯಾಗಿ ಕಂಡಿತೆಂದರೆ ಸಾಲದು, ತೋಟಕ್ಕಿಳಿದು ಅದೇ ಮರ ಹುಡುಕಿ ಇದು ರೋಗವೇ, ಬರೀ ನೀರಿನ ಕೊರತೆಯೇ ಎಂದು ತಾಳೆ ನೋಡಬೇಕು. ಈ ಕಸುಬಿನವರು ಅದನ್ನು ‘ಗ್ರೌಂಡ್ ಟ್ರೂತ್’ ಎನ್ನುತ್ತಾರೆ. ಈಗ ಚಿಕ್ಕಮಗಳೂರಿನ ಆಲ್ದೂರಿನ ಅವೈಸ್ ಅಹ್ಮದ್ ಸಹಸ್ಥಾಪಕರಾಗಿರುವ ಪಿಕ್ಸೆಲ್ ಕಂಪನಿಯ ಫೈರ್‌ಫ್ಲೈ ಉಪಗ್ರಹಗಳು ಬೆಳಕನ್ನು ನೂರಕ್ಕೂ ಹೆಚ್ಚು ಪಟ್ಟಿಗಳಾಗಿ ಸೀಳಿ ನೋಡುತ್ತವೆ. ಆದರೂ ಅಡಿಕೆಯ ಎಲೆಚುಕ್ಕಿ ರೋಗ ಯಾವ ಪಟ್ಟಿಯಲ್ಲಿ ಹೇಗೆ ಕಾಣುತ್ತದೆಂದು ಹೇಳಲು ತೋಟ ಸುತ್ತಿದವರೇ ಬೇಕು. ಕೋಡಿಂಗ್ ಬಂದವರು ಬೆಂಗಳೂರಿನಲ್ಲಿ ಸಿಗುತ್ತಾರೆ, ತೋಟವೂ ಕೋಡಿಂಗೂ ಎರಡೂ ಬಂದವರು ಅಪರೂಪ.

ಸರ್ವೆ ಇಲಾಖೆಯ ಕೆಲಸವನ್ನೇ ನೋಡಿ. ನಮ್ಮ ಸರ್ವೆಯ ಹಳೆಯ ಚೈನು 33 ಅಡಿ, ಅದಕ್ಕೆ ಹದಿನಾರು ಆಣೆ. ಚೈನಿನ ಉದ್ದಗಲದ ಚೌಕವೇ ಒಂದು ಗುಂಟೆ. ದಿಶಾಂಕ್ ಆ್ಯಪ್ ತೆರೆದು ಹೊಲದಲ್ಲಿ ನಿಂತರೆ ಸರ್ವೆ ನಂಬರು ಫೋನಿನಲ್ಲೇ ಕಾಣುತ್ತದೆ, ಒಳ್ಳೆಯದೇ. ಆದರೆ ಸಾಮಾನ್ಯ ಫೋನಿನ ಜಿಪಿಎಸ್ ಐದು ಮೀಟರ್ ಆಚೀಚೆ ತೋರಿಸುವುದು ಮಾಮೂಲು. ಚೈನಿನ ಲೆಕ್ಕದಲ್ಲಿ ಅದು ಹತ್ತಿರ ಹತ್ತಿರ ಎಂಟಾಣೆ. ಎಂಟಾಣೆಗೆ ನಮ್ಮ ಊರುಗಳಲ್ಲಿ ಅಣ್ಣತಮ್ಮಂದಿರು ಮಾತು ಬಿಟ್ಟಿದ್ದಾರೆ, ಕೋರ್ಟಿನ ಮೆಟ್ಟಿಲು ಹತ್ತಿದ್ದಾರೆ. ಅದಕ್ಕೇ ಈಗ ರೋವರ್ ಎಂಬ, ಉಪಗ್ರಹ ಸಂಕೇತದಿಂದ ಜಾಗ ಅಳೆಯುವ ಉಪಕರಣ ಬಂದಿದೆ. ಸರ್ವೆ ಆಫ್ ಇಂಡಿಯಾದ ಸ್ಥಿರ ನೆಲೆಗಳಿಂದ ತಿದ್ದುಪಡಿ ಪಡೆದು ಅದು ವ್ಯತ್ಯಾಸವನ್ನು ಕೆಲವು ಸೆಂಟಿಮೀಟರಿಗೆ ಇಳಿಸುತ್ತದೆ.

ಇಂಥ ಉಪಕರಣ ಹಿಡಿಯುವ ಕೈಗಳಿಗೆ ದಾರಿಯೂ ತೆರೆಯುತ್ತಿದೆ. 2021ರ ಫೆಬ್ರುವರಿಯಲ್ಲಿ ಕೇಂದ್ರ ಸರ್ಕಾರ ಭೂನಕ್ಷೆಯ ಹಳೆಯ ಅನುಮತಿಗಳ ಗೋಜಲನ್ನು ಸಡಿಲಿಸಿತು. ರಾಜ್ಯದ 2024–29ರ ಬಾಹ್ಯಾಕಾಶ ತಂತ್ರಜ್ಞಾನ ನೀತಿಯ ಕರಡು 50,000 ವಿದ್ಯಾರ್ಥಿಗಳು ಮತ್ತು ಯುವ ವೃತ್ತಿಪರರಿಗೆ ತರಬೇತಿ ಕೊಡುವ ಮಾತಾಡಿತು. ಅಂಕಿ ದೊಡ್ಡದೇ. ಅದರಲ್ಲಿ ಐಟಿಐ, ಡಿಪ್ಲೊಮಾ ಓದಿದವರ ಪಾಲೆಷ್ಟು ಎಂಬುದರ ಮೇಲೆ ಅದರ ಬೆಲೆ ನಿಂತಿದೆ.

ಪಠ್ಯ ಬರೆಯುವವರಿಗೆ ಒಂದು ಮಾತು. ರೋವರ್ ತರಬೇತಿಯನ್ನು ಬಯಲಿನಲ್ಲಿ ಮುಗಿಸಬೇಡಿ, ಬಯಲಿನಲ್ಲಿ ಯಾರಿಗಾದರೂ ಬರುತ್ತದೆ. ಮಲೆನಾಡಿನ ಅಡಿಕೆ ತೋಟಕ್ಕೆ ಕರೆದೊಯ್ಯಿರಿ. ಸೋಗೆಯ ಚಪ್ಪರದಡಿ ಉಪಗ್ರಹದ ಸಂಕೇತ ತಡವರಿಸುತ್ತದೆ. ಆಗ ಬಯಲಲ್ಲಿ ಎರಡು ಖಚಿತ ಬಿಂದು ಹಿಡಿದು, ಅಲ್ಲಿಂದ ಕೋನ, ದೂರ ಅಳೆಯುವ ಟೋಟಲ್ ಸ್ಟೇಷನ್ ಇಟ್ಟು, ಮರಗಳ ನಡುವಿನ ಕಿಂಡಿಯಲ್ಲಿ ಗಡಿಕಲ್ಲನ್ನು ಹಿಡಿಯಬೇಕು. ಆ ಕಲ್ಲು ಯಾವುದೆಂದು ತೋರಿಸಲು ಊರಿನ ಹಿರಿಯರೊಬ್ಬರೂ ಜೊತೆಗಿರಲಿ.