ಡಿಸ್ಕಿನ ಮೇಲೆ ಬರೆದದ್ದನ್ನು ಓದಿ

ಹಿಂಗಾರಿ ಬಿತ್ತನೆ ಹತ್ತಿರ ಬಂತೆಂದರೆ ಮಲಪ್ರಭೆ ದಂಡೆಯ ಮೆಣಸಗಿಯಂಥ ಎರೆಸೀಮೆಯ ಊರುಗಳಲ್ಲಿ ಕುಂಟೆಯ ಕುಡ ಹದಗೊಳಿಸುವ ಕೆಲಸ ಶುರು. ಹಿಂದೆ ಅದು ಕುಲುಮೆಯ ಪಾಲು, ಕಾಯಿಸಿ ತಟ್ಟುತ್ತಿದ್ದರು. ಈಗ ವೆಲ್ಡಿಂಗ್ ಅಂಗಡಿಯ ಕೈ ಗ್ರೈಂಡರ್ ಕ್ಷಣದಲ್ಲಿ ಮುಗಿಸುತ್ತದೆ. ರೈತರ ಮನೆಗಳಿಗೂ ಅದು ಬಂದಿದೆ. ಯಂತ್ರ ಕೊಳ್ಳಲು ನಾಲ್ಕು ಅಂಗಡಿ ತಿರುಗುವವರು ಡಿಸ್ಕನ್ನು ಮಾತ್ರ ‘ಒಂದು ಬ್ಲೇಡ್ ಕೊಡ್ರಿ’ ಎಂದು ತಂದುಬಿಡುತ್ತಾರೆ. ನನಗೆ ಭಯ ಇಲ್ಲೇ.

ನಾಲ್ಕು ಇಂಚಿನ ಗ್ರೈಂಡರ್ ಸಾಮಾನ್ಯವಾಗಿ ನಿಮಿಷಕ್ಕೆ 11,000 ಸುತ್ತು ತಿರುಗುತ್ತದೆ. ಲೆಕ್ಕ ಹಾಕಿದರೆ ಡಿಸ್ಕಿನ ಅಂಚು ಸೆಕೆಂಡಿಗೆ 57 ಮೀಟರಿಗಿಂತ ಹೆಚ್ಚು, ಅಂದರೆ ಗಂಟೆಗೆ 200 ಕಿಲೋಮೀಟರಿಗೂ ಮೀರಿದ ವೇಗದಲ್ಲಿ ಓಡುತ್ತಿರುತ್ತದೆ. ಡಿಸ್ಕೆಂದರೆ ಗಟ್ಟಿ ಕಣಗಳು, ಅವನ್ನು ಅಂಟಿಸಿದ ರಾಳ, ನಡುವೆ ಗಾಜಿನ ನಾರಿನ ಬಲೆ. ಪ್ರತಿ ಕಣವೂ ನೇರ ಹಾರಿಹೋಗಲು ಹವಣಿಸುತ್ತದೆ. ಹಿಡಿದಿಟ್ಟಿರುವುದು ಆ ರಾಳ, ಆ ಬಲೆ. ಅಂಚಿನ ವೇಗ ಎರಡು ಪಟ್ಟಾದರೆ ಡಿಸ್ಕಿನೊಳಗಿನ ಎಳೆತ ನಾಲ್ಕು ಪಟ್ಟಾಗುತ್ತದೆ.

ಅದಕ್ಕೇ ಡಿಸ್ಕಿನ ಮೇಲೆ ಗರಿಷ್ಠ ಸುತ್ತು ಅಚ್ಚಾಗಿರುತ್ತದೆ. ಸೆಕೆಂಡಿಗೆ 80 ಮೀಟರ್ ತಾಳುವ ನಾಲ್ಕು ಇಂಚಿನದಕ್ಕೆ ಸುಮಾರು 15,300. ಏಳು ಇಂಚಿನದಕ್ಕೆ ಸುಮಾರು 8,500. ದೊಡ್ಡದು ಹೆಚ್ಚು ದಿನ ಬಾಳುತ್ತದೆಂದು ಏಳು ಇಂಚಿನದನ್ನು ಸಣ್ಣ ಯಂತ್ರಕ್ಕೆ ಸಿಕ್ಕಿಸಿದರೆ ಅಂಚಿನ ವೇಗ ಸೆಕೆಂಡಿಗೆ 103 ಮೀಟರ್ ದಾಟುತ್ತದೆ. ಎಳೆತ ಮಿತಿಯ ಸುಮಾರು 1.7 ಪಟ್ಟು. ಹಾಗೆ ಸಿಕ್ಕಿಸಲು ಗಾರ್ಡ್ ಬಿಚ್ಚಲೇಬೇಕು. ಗಾರ್ಡಿನೊಳಗೆ ಹಿಡಿಸದ ಡಿಸ್ಕು ಆ ಯಂತ್ರದ್ದಲ್ಲ ಎಂದೇ ತಿಳಿಯಿರಿ. ಯಂತ್ರದ ಸುತ್ತು ಡಿಸ್ಕಿನ ಸುತ್ತಿಗಿಂತ ಎಂದೂ ಹೆಚ್ಚಿರಬಾರದು. ನಡುವಿನ ತೂತು ಸಣ್ಣದಾಯಿತೆಂದು ಕೊರೆದು ಹಿಗ್ಗಿಸುವುದೂ ಬೇಡ. ಮರ ಕೊಯ್ಯುವ ಹಲ್ಲಿನ ಬ್ಲೇಡನ್ನಂತೂ ಗ್ರೈಂಡರಿಗೆ ಹಾಕಲೇಬಾರದು. ಹಲ್ಲು ಸಿಕ್ಕಿಕೊಂಡರೆ ಯಂತ್ರ ಹಿಂದಕ್ಕೆ ನೆಗೆದು ಹಿಡಿದವರ ತೊಡೆಗೋ ಕುತ್ತಿಗೆಗೋ ಬರುತ್ತದೆ.

ಸುತ್ತಿನ ಸಂಖ್ಯೆಯ ಪಕ್ಕದಲ್ಲಿರುವ ‘ಎ’ ಅಕ್ಷರ ಉಕ್ಕಿಗೆ, ‘ಸಿ’ ಕಲ್ಲಿಗೆ. ಒಂದು ಮಿಲಿಮೀಟರ್ ದಪ್ಪದ್ದು ಕತ್ತರಿಸಲು ಮಾತ್ರ. ಅದರ ಮಗ್ಗುಲಿನಿಂದ ಕುಡ ಮಸೆದರೆ ಅಡ್ಡ ಒತ್ತಡಕ್ಕೆ ಚೂರಾಗುತ್ತದೆ. ಮಸೆಯಲು ಆರು ಮಿಲಿಮೀಟರಿನದೇ ಬೇಕು. ಬಾದಾಮಿ ಕಡೆಯ ಮರಳುಗಲ್ಲನ್ನು ಕೊಯ್ಯುವವರು ಧೂಳು ಉಸಿರಿನೊಳಗೆ ಹೋಗದಂತೆ ನೋಡಿಕೊಳ್ಳಬೇಕು. ಅದರ ಧೂಳಿನಲ್ಲಿರುವ ಸಿಲಿಕಾ ಪುಪ್ಪುಸವನ್ನು ಮತ್ತೆ ಸರಿಪಡಿಸಲಾಗದಂತೆ ಕೆಡಿಸುತ್ತದೆ.

ನಡುವಿನ ಲೋಹದ ಉಂಗುರದ ಮೇಲೆ ತಿಂಗಳು, ವರ್ಷ ಇರುತ್ತದೆ: ಬಳಕೆಯ ಗಡುವು, ಸಾಮಾನ್ಯವಾಗಿ ತಯಾರಾದ ದಿನದಿಂದ ಮೂರು ವರ್ಷ. ರಾಳ ತೇವ ಹೀರಿ ಬಲ ಕಳೆದುಕೊಳ್ಳುತ್ತದೆ. ಕಣ್ಣಿಗೆ ಅದು ಕಾಣುವುದಿಲ್ಲ. ರೋಣ, ನರಗುಂದ ತಾಲ್ಲೂಕುಗಳ ಹೊಳೆಸಾಲಿನ ಊರುಗಳಿಗೆ ಈ ಮಾತು ಹೆಚ್ಚು ಸಲ್ಲುತ್ತದೆ. 2019ರ ಆಗಸ್ಟಿನಲ್ಲಿ ಮಲಪ್ರಭೆಯ ನವಿಲುತೀರ್ಥ ಅಣೆಕಟ್ಟಿನಿಂದ ನೀರು ಬಿಟ್ಟಾಗ ಮನೆ, ಅಂಗಡಿಗಳೊಳಗೆ ಹೊಳೆ ಹೊಕ್ಕಿತ್ತು. ಹಾಗೆ ನೆನೆದ ಡಿಸ್ಕನ್ನು ಬಿಸಿಲಿಗೆ ಒಣಗಿಸಿ ಬಳಸಬೇಡಿ. ಮುರಿದು ಎಸೆಯಿರಿ, ಇನ್ನೊಬ್ಬರು ಎತ್ತಿಕೊಳ್ಳದಂತೆ.

ಡಿಸ್ಕು ಬದಲಿಸುವಾಗ ಪ್ಲಗ್ ಕಿತ್ತಿಡಬೇಕು. ಹೊಸದನ್ನು ಹಾಕಿದ ಮೇಲೆ ಪಕ್ಕಕ್ಕೆ ನಿಂತು ಒಂದು ನಿಮಿಷ ಖಾಲಿ ಓಡಿಸಿ. ಒಳಗೆ ಬಿರುಕಿದ್ದರೆ ಬಹುತೇಕ ಆಗಲೇ ಒಡೆಯುತ್ತದೆ. ಹೆಗಲ ಟವೆಲ್ಲು ತೆಗೆದಿಡಿ, ಲುಂಗಿಯುಟ್ಟು ಕೂರಬೇಡಿ. ಕಣ್ಣಿಗೆ ಬಿಸಿಲಿನ ಕನ್ನಡಕ ಸಾಲದು. ಅಂಚೂ ಮುಚ್ಚುವ ಸುರಕ್ಷಾ ಕನ್ನಡಕ ಬೇಕು. ಆದರೂ ಚೂರು ಹೊಕ್ಕರೆ ಉಜ್ಜದೆ ಕಣ್ಣಿನ ಡಾಕ್ಟರ ಬಳಿ ಹೋಗಿ. ಕಾರ್ನಿಯಾದಲ್ಲಿ ಸಿಕ್ಕಿದ ಕಬ್ಬಿಣ ಅಲ್ಲೇ ತುಕ್ಕು ಹಿಡಿದು ಉಂಗುರದಂಥ ಕಲೆ ಕಟ್ಟುತ್ತದೆ.

ಕಿಡಿಗಳೆಂದರೆ ಗಾಳಿಯಲ್ಲಿ ಉರಿಯುತ್ತ ಹೋಗುವ ಕಬ್ಬಿಣದ ಪುಡಿ. ಹಲವು ಮೀಟರ್ ಹಾರಿ ಬಿದ್ದ ಮೇಲೂ ಅವು ಬಿಸಿಯಾಗಿಯೇ ಇರುತ್ತವೆ. ಹತ್ತಿ ಬಿಡಿಸಿ ಅಂಗಳದಲ್ಲಿ ರಾಶಿ ಹಾಕಿದ್ದರೆ, ಜೋಳದ ಕಣಿಕೆಯ ಬಣವೆ ಹಿತ್ತಲಲ್ಲಿದ್ದರೆ, ಗ್ರೈಂಡರ್ ಹಿಡಿಯುವ ಮೊದಲು ಗಾಳಿ ಯಾವ ಕಡೆಗಿದೆ ನೋಡಿ, ಕಿಡಿಯ ಮುಖವನ್ನು ಬರಿ ನೆಲಕ್ಕೆ ತಿರುಗಿಸಿಕೊಳ್ಳಿ. ಕೆಲಸ ಮುಗಿದ ಮೇಲೂ ಅರ್ಧ ಗಂಟೆ ಅಲ್ಲೇ ಇರಿ, ಕೈಗೆಟುಕುವಂತೆ ಒಂದು ಕೊಡ ನೀರಿಟ್ಟುಕೊಂಡು.